ಬೆರಳು ಆಡುತ್ತೆ, ಎಕ್ಸ್‌ರೇ ನಾರ್ಮಲ್, ಆದ್ರೂ ಮಣಿಕಟ್ಟು ನೋವು ಯಾಕೆ?

ಪ್ರಶ್ನೆ: ಹಿಂದಿನಿಂದ ಸ್ಕೂಟರ್ ತಗುಲಿ ಸೈಕಲ್‌ನಿಂದ ಬಿದ್ದೆ. ಅಂಗೈ ಊರಿದ್ದೆ. ಎಕ್ಸ್‌ರೇಲಿ ಏನೂ ಇಲ್ಲ ಅಂದರು. ವಾರ ಆಯ್ತು, ಮಣಿಕಟ್ಟು ಇನ್ನೂ ನೋಯುತ್ತಿದೆ. ಬರೀ ಉಳುಕು ತಾನೆ?

ಗೊತ್ತಿಲ್ಲ, ಮತ್ತೆ ತೋರಿಸಿ. ಈ ಪ್ರಶ್ನೆ ಕೇಳುವವರೆಲ್ಲ ಒಂದು ಸಾಲು ತಪ್ಪದೇ ಸೇರಿಸುತ್ತಾರೆ: "ಬೆರಳೆಲ್ಲ ಆಡುತ್ತೆ, ಹಾಗಾಗಿ ಮುರಿದಿಲ್ಲ." ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಬೆರಳನ್ನು ಆಡಿಸುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ, ಅವುಗಳ ಎಳೆಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಮಣಿಕಟ್ಟಿನ ಸಣ್ಣ ಮೂಳೆ ಬಿರುಕು ಬಿಟ್ಟರೂ ಆ ಎಳೆಗಳು ಚೆನ್ನಾಗೇ ಇರುತ್ತವೆ. ಹಾಗಾಗಿ ಬೆರಳು ಆಡುತ್ತದೆ, ಊತ ಜಾಸ್ತಿ ಇರುವುದಿಲ್ಲ, ಕೈ ಸೊಟ್ಟಗೂ ಕಾಣುವುದಿಲ್ಲ.

ಅಂಗೈ ಊರಿ ಬಿದ್ದವರಲ್ಲಿ ನನಗೆ ಅನುಮಾನ ಬರುವುದು ಸ್ಕ್ಯಾಫಾಯ್ಡ್ ಮೇಲೆ. ಹೆಬ್ಬೆರಳ ಬುಡದಲ್ಲಿರುವ ಗೋಡಂಬಿಯಂಥ ಮೂಳೆ ಅದು. ಹೆಬ್ಬೆರಳನ್ನು ನೆಟ್ಟಗೆ ಹಿಂದಕ್ಕೆ ಎತ್ತಿ ನೋಡಿ, ಬುಡದಲ್ಲಿ ಒಂದು ಗುಳಿ ಬೀಳುತ್ತೆ ಅಲ್ವಾ? ಅಲ್ಲಿ ಒತ್ತಿದರೆ ನೋವಾಗುತ್ತಿದ್ದರೆ, ಮುರಿದಿಲ್ಲ ಅಂತ ಖಾತ್ರಿಯಾಗುವ ತನಕ ಮುರಿದಿದೆ ಅಂತಲೇ ನೋಡಿಕೊಳ್ಳಬೇಕು. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಹೋಗಬಹುದು. ಅದಕ್ಕೇ ಕೈ ಅಲುಗದಂತೆ ಕಟ್ಟಿ, 10–14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಾಲದೆ ಅದು ಕೂಡದೇ ಉಳಿಯಬಹುದು, ಸತ್ತೂ ಹೋಗಬಹುದು. ಬೇಗ ಗೊತ್ತಾದರೆ ಎಷ್ಟೋ ಜನರಿಗೆ ಎರಡು ಮೂರು ತಿಂಗಳ ಪ್ಲಾಸ್ಟರ್‌ನಲ್ಲಿ ಮುಗಿಯುತ್ತದೆ. ಉಳುಕು ತೆಗೆಸಿ, ಎಣ್ಣೆ ಹಚ್ಚಿ ನೀವಿಸಿಕೊಂಡು ಸುಮ್ನೆ ಕೂತರೆ, ವರ್ಷಗಳ ಮೇಲೆ ಕೀಲು ಸವೆದು ಬ್ರೇಕ್ ಹಿಡಿಯುವುದು, ಬಟ್ಟೆ ಹಿಂಡುವುದು, ನೆಲಕ್ಕೆ ಕೈ ಊರಿ ಏಳುವುದು ಎಲ್ಲವೂ ಕಷ್ಟ.

ಯಾರೂ ಕೇಳದ ಇನ್ನೊಂದು ವಿಷಯ. ಮಕ್ಕಳು ಸೈಕಲ್‌ನಿಂದ ಬಿದ್ದಾಗ ಎಲ್ಲರೂ ಮೊಣಕಾಲು ನೋಡುತ್ತಾರೆ, ಅಂಗಿ ಎತ್ತಿ ಹೊಟ್ಟೆ ನೋಡುವವರು ಕಡಿಮೆ. ಹ್ಯಾಂಡಲ್ ತಿರುಗಿ ಅದರ ತುದಿ ಹೊಟ್ಟೆಗೆ ಗುದ್ದಿದರೆ ಹೊರಗೆ ಒಂದು ದುಂಡನೆಯ ಗುರುತಷ್ಟೇ ಕಾಣಬಹುದು. ಒಳಗೆ ಲಿವರ್, ಸ್ಪ್ಲೀನ್, ಪ್ಯಾಂಕ್ರಿಯಾಸ್ ಅಥವಾ ಕರುಳಿಗೆ ಪೆಟ್ಟಾಗಿರಬಹುದು, ಹೊಟ್ಟೆನೋವು, ವಾಂತಿ ಶುರುವಾಗುವುದು ಮಾರನೇ ದಿನವೂ ಇರಬಹುದು. ಆ ಗುರುತು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ "ಹ್ಯಾಂಡಲ್ ತಗುಲಿದೆ" ಅಂತ ಮೊದಲೇ ಹೇಳಿ. ಮನೆಯ ಸೈಕಲ್‌ನ ಗ್ರಿಪ್ ಹರಿದು ಕಬ್ಬಿಣದ ಕೊಳವೆ ಹೊರಗೆ ಬಂದಿದ್ದರೆ ಇವತ್ತೇ ಬದಲಾಯಿಸಿ.