ಕೊಡಗಿನಲ್ಲಿ ಕೋವಿಗೆ ಲೈಸೆನ್ಸೇ ಬೇಡ್ವಾ?

ಪ್ರಶ್ನೆ: ಕೊಡಗಿನಲ್ಲಿ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಗನ್ ಇಟ್ಟುಕೊಳ್ಳಬಹುದಂತೆ. ಅದು ಅವರ ಹಕ್ಕಂತೆ. ನಿಜವಾ?

ಎರಡೂ ಸುಳ್ಳು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನ ಕೋವಿ ಪೂಜೆಯ ಫೋಟೋ ಓಡಾಡಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನಾನೂ ಬರೆದ ಉತ್ತರವನ್ನೇ ಮತ್ತೆ ಬರೆಯುತ್ತೇನೆ.

ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ (ಅಂದರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೆ) ಮಾತ್ರ. ಜಮ್ಮಾ ಹಿಡುವಳಿ ಇದ್ದವರ ಜಾತಿ ಯಾವುದಾದರೂ ಸರಿ. ಆದರೆ ಮಡಿಕೇರಿಯಲ್ಲಿ ಸೈಟು ತಗೊಂಡ ಮಾತ್ರಕ್ಕೆ, ಹೋಂಸ್ಟೇ ನಡೆಸಿದ ಮಾತ್ರಕ್ಕೆ ಕೋವಿ ಬರುವುದಿಲ್ಲ. ಅಂಥವರು ಉಳಿದ ಊರಿನವರಂತೆ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಇನ್ನು ವಿನಾಯಿತಿ ಇದ್ದವರೂ ಸುಮ್ನೆ ಅಂಗಡಿಗೆ ಹೋಗಿ ಕೋವಿ ತರುವಂತಿಲ್ಲ. ದಾಖಲೆ ಕೊಟ್ಟು ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆಯಬೇಕು. ಎಷ್ಟು ಕೋವಿ, ಎಂಥ ಕೋವಿ ಅನ್ನುವುದಕ್ಕೂ ಮಿತಿ ಇದೆ. 'ಹಾಗಾದ್ರೆ ಎ.ಕೆ. 47 ಇಟ್ಕೋಬಹುದಾ' ಎಂದು ಕೇಳುವ ಮಹನೀಯರೊಬ್ಬರು ಪ್ರತಿ ವರ್ಷ ಇರುತ್ತಾರೆ. ಇಲ್ಲ ಸ್ವಾಮಿ.

ಈಗ 'ಹಕ್ಕು' ವಿಷಯ. ಅಮೆರಿಕದಲ್ಲಿ ಬಂದೂಕಿನ ಹಕ್ಕು 1791ರಿಂದ ಸಂವಿಧಾನದಲ್ಲೇ ಇದೆ. ಅದನ್ನು ತೆಗೆಯಬೇಕೆಂದರೆ ಸಂವಿಧಾನವನ್ನೇ ತಿದ್ದಬೇಕು. ನಮ್ಮಲ್ಲಿ ಅಂಥ ಹಕ್ಕು ಯಾರಿಗೂ ಇಲ್ಲ, ಕೊಡವರಿಗೂ ಇಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಇಲ್ಲಿಯವರೆಗೆ ನಡೆದು ಬಂದಿದೆ, ಅಷ್ಟೇ. ಈಗ ಅದಕ್ಕೆ ಆಧಾರ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್. ಅದೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು, ಬೇಡ ಅನಿಸಿದರೆ ವಾಪಸ್ ಪಡೆಯಲೂಬಹುದು. ಕೊನೆಯ ಸಲ ವಿಸ್ತರಿಸಿದ್ದು 2019ರಲ್ಲಿ, ಅದೂ 2029ರವರೆಗೆ ಮಾತ್ರ. ಇದು ತಾರತಮ್ಯ ಎಂದು ಕೋರ್ಟಿಗೆ ಹೋದವರೂ ಇದ್ದಾರೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿ ಹಿಡಿಯಿತು. ಆದರೆ ಕೋರ್ಟು ಎತ್ತಿ ಹಿಡಿದ ಮಾತ್ರಕ್ಕೆ ವಿನಾಯಿತಿ ಹಕ್ಕಾಗುವುದಿಲ್ಲ. ಅವಧಿ ಮುಗಿಯುವ ಹಕ್ಕು ಎಲ್ಲಾದರೂ ಉಂಟಾ?

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಕೊಡವರ ಹಳೆಯ ಪದ್ಧತಿ. ಅದರ ಅರ್ಥ ಊರಿಗೆಲ್ಲ ಗೊತ್ತಿರುತ್ತಿತ್ತು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಹಾರಿಸುವ ಗುಂಡು ಬೇರೆಯೇ ಕಥೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ, ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿನಾಯಿತಿ ಪತ್ರ ತೋರಿಸಿದರೂ ಬಿಡುವುದಿಲ್ಲ.