ಅಜ್ಜಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ

ಬಾಬಾ ಬುಡನ್ ಏಳು ಬೀಜ ತಂದರು ಅನ್ನುವ ಕಾಲದಿಂದ ನಮ್ಮ ಚಿಕ್ಕಮಗಳೂರಿಗೆ ಕಾಫಿ ಗೊತ್ತು. ರಾತ್ರಿ ಕುಡಿದರೆ ನಿದ್ದೆ ಹಾರುತ್ತದೆ, ಖಾಲಿ ಹೊಟ್ಟೆಗೆ ಜಾಸ್ತಿ ಆದರೆ ಎದೆ ಉರಿಯುತ್ತದೆ ಅಂತ ಹೇಳಲು ಲ್ಯಾಬ್ ಬೇಡ, ಮನೆಯ ಅಜ್ಜಿ ಸಾಕು. ಹೊಸ ಹೊಸ ಡ್ರಗ್ಸ್‌ಗೆ ಅಂಥ ಅಜ್ಜಿ ಇಲ್ಲ. ಹಾಗಾಗಿ ಪೊಟ್ಟಣದಲ್ಲಿ ಸಿಗುವ, ಸೇದುವ ಸೊಪ್ಪನ್ನು ತೋರಿಸಿ "ಇದು ಕೆಮಿಕಲ್ ಅಲ್ಲ, ಬರೀ ಸೊಪ್ಪು" ಅಂತ ಹುಡುಗರು ಹೇಳುವುದು ಕೇಳಿದರೆ ನನಗೆ ನಿಜಕ್ಕೂ ಹೆದರಿಕೆ.

ಸೊಪ್ಪೇನೋ ಸೊಪ್ಪೇ. ಆದರೆ ನಶೆ ಏರುವುದು ಅದರ ಮೇಲೆ ಸಿಂಪಡಿಸಿದ ರಾಸಾಯನಿಕದಿಂದ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಜಾನ್ ಹಫ್‌ಮನ್ ತಂಡ ಸಂಶೋಧನೆಗೆಂದು ತಯಾರಿಸಿದ್ದ ಜೆಡಬ್ಲ್ಯುಎಚ್-018 ಅನ್ನುವ ವಸ್ತು 2008ರಲ್ಲಿ ಯುರೋಪಿನಲ್ಲಿ 'ಸ್ಪೈಸ್' ಅನ್ನುವ ಹೆಸರಿನ, ಸೇದುವ ಸೊಪ್ಪಿನ ಪೊಟ್ಟಣಗಳಲ್ಲಿ ಸಿಕ್ಕಿತು. ಮೆದುಳಿನ ಒಂದು ರಿಸೆಪ್ಟರನ್ನು, ಅಂದರೆ ಇಂಥ ರಾಸಾಯನಿಕ ಬಂದು ಕೂರುವ ಜಾಗವನ್ನು, ಗಾಂಜಾದಲ್ಲಿ ನಶೆ ಏರಿಸುವ ಅಂಶವಾದ ಟಿಎಚ್‌ಸಿ ಅರ್ಧಂಬರ್ಧ ಎಬ್ಬಿಸಿದರೆ, ಇದು ಪೂರ್ತಿ ಎಬ್ಬಿಸುತ್ತದೆ.

ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ನೀಲಿ ದ್ರಾವಣ) ಹೊಡೆದ ಮೇಲೆ ಹತ್ತಿರ ಹೋಗಿ ನೋಡಿ. ಒಂದು ಎಲೆಯಲ್ಲಿ ನೀಲಿ ದಪ್ಪಗೆ ಕಟ್ಟಿರುತ್ತದೆ, ಪಕ್ಕದ ಎಲೆಗೆ ಒಂದು ಹನಿಯೂ ತಾಗಿರುವುದಿಲ್ಲ. ಆ ಪೊಟ್ಟಣದೊಳಗೂ ಹೀಗೇ. ಒಂದೇ ಪೊಟ್ಟಣದಿಂದ ಸೇದಿದ ಇಬ್ಬರಲ್ಲಿ ಒಬ್ಬನಿಗೆ ಏನೂ ಆಗದೆ, ಇನ್ನೊಬ್ಬನಿಗೆ ಫಿಟ್ಸ್ ಬರಬಹುದು.

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಹೊಸ 'ಹೆರಾಯಿನ್' ಚುಚ್ಚಿಕೊಂಡು ಕೆಲವೇ ದಿನಗಳಲ್ಲಿ ಮರದ ಕೊರಡಿನಂತಾದರು, ಅಲ್ಲಾಡಲು ಆಗುತ್ತಿಲ್ಲ, ಮಾತು ಹೊರಡುತ್ತಿಲ್ಲ. ಮುದುಕರಿಗೆ ಬರುವ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣ! ಕಳ್ಳ ತಯಾರಿಯಲ್ಲಿ ಎಡವಟ್ಟಾಗಿ ಎಂಪಿಟಿಪಿ ಅನ್ನುವ ವಿಷ ಸೇರಿತ್ತು, ಅದು ಮೆದುಳಿನಲ್ಲಿ ಮೈಯ ಚಲನೆಗೆ ಬೇಕಾದ ಡೋಪಮೈನ್ ಕೋಶಗಳನ್ನೇ ಕೊಂದಿತ್ತು ಅಂತ ನರರೋಗ ವೈದ್ಯ ವಿಲಿಯಂ ಲ್ಯಾಂಗ್ಸ್ಟನ್ ಮತ್ತು ಜೊತೆಯವರು ಪತ್ತೆ ಮಾಡಿದರು.

ಅದು ಬೇಗ ಕಂಡ ಹಾನಿ. ಕೆಟಮಿನ್ ನೋಡಿ, ಅಮೆರಿಕದಲ್ಲಿ 1970ರಲ್ಲೇ ಅರಿವಳಿಕೆಗೆ ಒಪ್ಪಿಗೆ ಪಡೆದ ಔಷಧ. ಅದನ್ನು ಮತ್ತಿಗಾಗಿ ಪದೇ ಪದೇ ತೆಗೆದುಕೊಳ್ಳುವವರ ಮೂತ್ರಕೋಶ ಹಾಳಾಗುತ್ತದೆ ಅಂತ ಕೆನಡಾದ ವೈದ್ಯರು ಬರೆದದ್ದು 2007ರಲ್ಲಿ. ವೈದ್ಯರ ಕೈಯಲ್ಲೇ ಇದ್ದ ಔಷಧಿಯ ಕಥೆ ಇದಾದರೆ, ಹೋದ ತಿಂಗಳು ಹುಟ್ಟಿದ ಪುಡಿಯ ಬಗ್ಗೆ ಯಾರನ್ನು ಕೇಳೋಣ?

ಮಾಮೂಲಿ ಮೂತ್ರದ ಪರೀಕ್ಷೆಗೂ ಈ ಹೊಸ ಡ್ರಗ್ಸ್ ಎಷ್ಟೋ ಸಲ ಸಿಗುವುದಿಲ್ಲ. ಡಾಕ್ಟರು ಉಸಿರು, ಜ್ವರ, ಫಿಟ್ಸ್ ನೋಡಿಕೊಂಡೇ ಚಿಕಿತ್ಸೆ ಕೊಡಬೇಕು. ಗೆಳೆಯ ಕುಸಿದು ಬಿದ್ದರೆ ಹೆದರಿ ಓಡಬೇಡಿ, 108ಕ್ಕೆ ಫೋನ್ ಮಾಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಳಿದ ಪೊಟ್ಟಣವನ್ನು ಬಿಸಾಡದೆ ಡಾಕ್ಟರ ಕೈಗೆ ಕೊಡಿ.