ಇಸ್ತಿಖಾರಾ: ಎಲ್ಲರ ಮಾತು ಕೇಳಿದ ಮೇಲೆ ದೇವರನ್ನು ಕೇಳುವುದು

ಮಗಳಿಗೊಂದು ಸಂಬಂಧ ಬಂದಿದೆ ಅಂದುಕೊಳ್ಳಿ. ಮಾಮು 'ಒಳ್ಳೇ ಮನೆತನ, ಬಿಡಬೇಡಿ' ಅಂತಾರೆ. ಖಾಲಾಗೆ ಊರು ದೂರ ಆಯ್ತು ಅನ್ನುವ ಚಿಂತೆ. ನೆರೆಮನೆಯವರಿಗೆ ಹುಡುಗನ ಸಂಬಳದ್ದೇ ಲೆಕ್ಕ. ಎಲ್ಲರೂ ಹೇಳಿ ಮುಗಿಸಿದ ಮೇಲೆ ಹುಡುಗಿಯ ತಾಯಿ ಒಂದೇ ಮಾತು ಹೇಳುತ್ತಾರೆ: "ಇಸ್ತಿಖಾರಾ ಮಾಡಿ ತಿಳಿಸ್ತೀವಿ." ಮುಸ್ಲಿಮರ ಮನೆಗಳಲ್ಲಿ ಮದುವೆ, ಗಲ್ಫಿನ ಕೆಲಸ, ಜಾಗದ ಖರೀದಿ ಅಂತ ಬಂದಾಗ ಈ ಮಾತು ಕೇಳದವರು ಕಡಿಮೆ. ಆದರೆ ಅದು ನಿಜವಾಗಿ ಏನು ಅನ್ನುವುದರಲ್ಲಿ ಗೊಂದಲ ಜಾಸ್ತಿ.

ಅರಬಿಯಲ್ಲಿ ಖೈರ್ ಅಂದರೆ ಒಳಿತು. ಆ ಒಳಿತನ್ನು ಅಲ್ಲಾಹನಲ್ಲಿ ಬೇಡುವುದೇ ಇಸ್ತಿಖಾರಾ. ಭವಿಷ್ಯ ನೋಡುವುದಲ್ಲ, ಶಕುನ ಕೇಳುವುದೂ ಅಲ್ಲ.

ಕ್ರಮ ತುಂಬಾ ಸರಳ. ಫರ್ಝ್ (ಕಡ್ಡಾಯ) ಅಲ್ಲದ ಎರಡು ರಕಅತ್, ಅಂದರೆ ಎರಡು ಸುತ್ತಿನ ನಮಾಝ್ ಮಾಡಬೇಕು. ಆಮೇಲೆ ಪ್ರವಾದಿ ಮುಹಮ್ಮದರು(ಸ) ಕಲಿಸಿದ ಒಂದು ದುಆ (ಪ್ರಾರ್ಥನೆ) ಓದಬೇಕು. ಇದನ್ನು ನಮಗೆ ತಲುಪಿಸಿದವರು ಜಾಬಿರ್ ಬಿನ್ ಅಬ್ದುಲ್ಲಾ ಎಂಬ ಸಹಾಬಿ, ಅಂದರೆ ಪ್ರವಾದಿಯವರ ಸಂಗಾತಿ. ಪ್ರವಾದಿಯವರ ನುಡಿ-ನಡೆಗಳ ವರದಿಗಳನ್ನು (ಹದೀಸುಗಳನ್ನು) ಕೂಡಿಸಿದ ಸಹೀಹ್ ಬುಖಾರಿ ಎಂಬ ಗ್ರಂಥದಲ್ಲಿ ಇದರ ವರದಿ ಇದೆ. ಕುರ್‌ಆನಿನ ಒಂದು ಅಧ್ಯಾಯವನ್ನು ಕಲಿಸುವ ಹಾಗೆ ಪ್ರವಾದಿಯವರು ಇದನ್ನು ನಮಗೆ ಕಲಿಸುತ್ತಿದ್ದರು, ಅದೂ ಎಲ್ಲ ವಿಷಯಗಳಿಗೂ, ಅನ್ನುತ್ತಾರೆ ಜಾಬಿರ್. ಅಂದರೆ ಇದು ಬರೀ ಮದುವೆಗೆ ಮೀಸಲಾದದ್ದಲ್ಲ.

ಆ ದುಆದ ಸಾರ ಹೀಗಿದೆ. ನಿನ್ನ ಜ್ಞಾನವನ್ನು ನಂಬಿ ಒಳಿತನ್ನು ಬೇಡುತ್ತೇನೆ. ನಿನಗೆ ಶಕ್ತಿ ಇದೆ, ನನಗಿಲ್ಲ. ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಈ ಕೆಲಸ ನನ್ನ ಧರ್ಮಕ್ಕೆ, ಬದುಕಿಗೆ, ಕೊನೆಯ ಫಲಕ್ಕೆ ಒಳ್ಳೆಯದು ಅಂತ ನೀನು ಬಲ್ಲೆಯಾದರೆ ಅದನ್ನು ನನಗೆ ದಕ್ಕಿಸು, ಸುಲಭ ಮಾಡು, ಅದರಲ್ಲಿ ಬರಕತ್ತು ಕೊಡು. ಕೆಟ್ಟದು ಅಂತ ಬಲ್ಲೆಯಾದರೆ ಅದನ್ನು ನನ್ನಿಂದ ದೂರ ಮಾಡು, ನನ್ನನ್ನೂ ಅದರಿಂದ ದೂರ ಮಾಡು. ಒಳಿತು ಎಲ್ಲೇ ಇರಲಿ, ಅದನ್ನೇ ನನಗೆ ಕೊಡು. ಕೊಟ್ಟದ್ದರಲ್ಲಿ ನನಗೆ ತೃಪ್ತಿಯನ್ನೂ ಕೊಡು.

ಇದರಲ್ಲಿ 'ಹೌದೋ ಅಲ್ಲವೋ ಹೇಳು' ಅನ್ನುವ ಪ್ರಶ್ನೆಯೇ ಇಲ್ಲ, ಗಮನಿಸಿದಿರಾ? ಕೇಳುವವನು ಉತ್ತರ ಕೇಳುತ್ತಿಲ್ಲ, ಆಯ್ಕೆಯನ್ನೇ ಒಪ್ಪಿಸುತ್ತಿದ್ದಾನೆ. 'ಅದನ್ನು ನನ್ನಿಂದ ದೂರ ಮಾಡು' ಅಂದರೆ ಸಾಕಿತ್ತಲ್ವಾ? 'ನನ್ನನ್ನೂ ಅದರಿಂದ' ಅಂತ ಯಾಕೆ ಸೇರಿಸಬೇಕು? ಕೈ ತಪ್ಪಿಹೋದ ಮೇಲೂ ಮನಸ್ಸು ಅಲ್ಲೇ ಸುತ್ತುತ್ತಾ ಇರುತ್ತದೆ, ಅದಕ್ಕೆ. ಸಿಗದ ಕೆಲಸ, ಆಗದ ಮದುವೆ ವರ್ಷಗಟ್ಟಲೆ ಕೊರೆಯುವುದನ್ನು ನಾವೆಲ್ಲ ನೋಡಿದ್ದೇವೆ. ಆ ಕೊರಗಿಗೂ ಈ ದುಆದಲ್ಲಿ ಜಾಗ ಇದೆ. ನನ್ನ ಮಟ್ಟಿಗೆ ಇದರ ಜೀವ ಇರುವುದೇ ಈ ಸಾಲಿನಲ್ಲಿ.

ಇದರ ಬೆಲೆ ತಿಳಿಯಬೇಕಾದರೆ ಅರಬರು ಮೊದಲು ಏನು ಮಾಡುತ್ತಿದ್ದರು ಅಂತ ನೋಡಬೇಕು. ಪ್ರಯಾಣ, ವ್ಯಾಪಾರ, ಯುದ್ಧ ಯಾವುದೇ ಇರಲಿ, ಅವರು ಅಝ್ಲಾಮ್ ಎಂಬ ಅಂಬಿನ ಕಡ್ಡಿಗಳನ್ನು ಎತ್ತುತ್ತಿದ್ದರು. ಒಂದರ ಮೇಲೆ 'ಮಾಡು' ಅನ್ನುವ ಅಪ್ಪಣೆ, ಇನ್ನೊಂದರ ಮೇಲೆ 'ಬೇಡ', ಮತ್ತೊಂದು ಖಾಲಿ. ಖಾಲಿ ಬಂದರೆ ಪುನಃ ಎತ್ತುವುದು. ಕುರ್‌ಆನ್ ಐದನೇ ಅಧ್ಯಾಯದಲ್ಲಿ ಇದನ್ನು ನಿಷೇಧಿಸಿತು.

ಈ ಕಡ್ಡಿಗಳನ್ನು ಎತ್ತಿದ ಒಬ್ಬನ ಕಥೆ ಅವನ ಬಾಯಿಂದಲೇ ಉಳಿದಿದೆ. ಹೆಸರು ಸುರಾಕಾ ಬಿನ್ ಮಾಲಿಕ್. 622ರಲ್ಲಿ ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೊರಟಾಗ, ಅವರನ್ನು ವಿರೋಧಿಸುತ್ತಿದ್ದ ಮಕ್ಕಾದ ಕುರೈಷ್ ಬುಡಕಟ್ಟಿನವರು ಅವರ ತಲೆಗೆ 100 ಒಂಟೆಗಳ ಬಹುಮಾನ ಕಟ್ಟಿದ್ದರು. ಅದರ ಆಸೆಗೆ ಸುರಾಕಾ ಕುದುರೆ ಹತ್ತಿ ಬೆನ್ನಟ್ಟಿದ. ದಾರಿಯಲ್ಲಿ ಕುದುರೆ ಮುಗ್ಗರಿಸಿತು, ಅವನೂ ಬಿದ್ದ. ಎದ್ದು ಬತ್ತಳಿಕೆಗೆ ಕೈ ಹಾಕಿ ಕಡ್ಡಿ ಎತ್ತಿದ. ಬಂದದ್ದು ಅವನಿಗೆ ಇಷ್ಟವಿಲ್ಲದ ಉತ್ತರ. ಏನು ಮಾಡಿದ? ಕಡ್ಡಿಯ ಮಾತು ಮೀರಿ ಪುನಃ ಕುದುರೆ ಓಡಿಸಿದ! ಕುದುರೆಯ ಮುಂಗಾಲುಗಳು ಮೊಣಕಾಲಿನವರೆಗೆ ನೆಲದಲ್ಲಿ ಹೂತುಹೋದ ಮೇಲೆಯೇ ಅವನು ಸೋತು ಅಭಯ ಕೇಳಿದ್ದು.

ಕಡ್ಡಿ ಹೋದರೂ ಆ ಚಾಳಿ ಹೋಗಿಲ್ಲ. ಒಬ್ಬರು 'ಬೇಡ' ಅಂದರೆ ಇನ್ನೊಬ್ಬರ ಹತ್ತಿರ ಹೋಗುತ್ತೇವೆ. ಅವರೂ 'ಬೇಡ' ಅಂದರೆ ಮೂರನೆಯವರು. 'ಮಾಡು' ಅನ್ನುವವರು ಸಿಕ್ಕಿದ ಕೂಡಲೇ 'ಎಷ್ಟು ಒಳ್ಳೇ ಸಲಹೆ ಕೊಟ್ಟರು' ಅಂತ ಹೊಗಳುತ್ತೇವೆ. ಮನಸ್ಸಿನಲ್ಲಿ ಮೊದಲೇ ತೀರ್ಮಾನಿಸಿಕೊಂಡು ಸುಮ್ನೆ ಒಂದು ಮುದ್ರೆ ಹುಡುಕುವುದು ಇದು. ಇಸ್ತಿಖಾರಾವನ್ನೂ ಹೀಗೇ ಮಾಡಿದರೆ ಅದು ಅಝ್ಲಾಮ್ ಆಗಿಬಿಡುತ್ತದೆ.

ಝೈನಬ್ ಬಿಂತ್ ಜಹಶ್ ಅವರನ್ನು ನೋಡಿ. ಪ್ರವಾದಿಯವರ ಮದುವೆ ಪ್ರಸ್ತಾಪ ಅವರ ಮನೆಗೆ ಬಂದಾಗ ಅವರು ಹಿಟ್ಟು ಕಲಸುತ್ತಿದ್ದರು. ಸುದ್ದಿ ತಂದ ಝೈದ್ ಇದು ಸಂತೋಷದ ವಿಷಯ ಅಂತಲೇ ಹೇಳಿದರು. ಝೈನಬ್ ತಕ್ಷಣ ಹೂಂ ಅನ್ನಲಿಲ್ಲ. ನನ್ನ ಒಡೆಯನನ್ನು ಕೇಳದೆ ನಾನು ಏನನ್ನೂ ಮಾಡುವವಳಲ್ಲ ಅಂದು, ಎದ್ದು ನಮಾಝಿನ ಜಾಗಕ್ಕೆ ಹೋದರು. ಪ್ರಸ್ತಾಪ ಕಳಿಸಿದವರು ಸ್ವತಃ ಪ್ರವಾದಿಯವರು ಅನ್ನುವುದು ನೆನಪಿರಲಿ.

ಹಾಗಾದರೆ ಜನರ ಸಲಹೆಯೇ ಬೇಡವಾ? ಬೇಕು. ಕುರ್‌ಆನ್ ಮೂರನೇ ಅಧ್ಯಾಯದ 159ನೇ ವಚನದಲ್ಲಿ ಪ್ರವಾದಿಯವರಿಗೇ ಸಂಗಾತಿಗಳ ಜೊತೆ ಸಮಾಲೋಚನೆ ಮಾಡಲು ಹೇಳಲಾಗಿದೆ. ನಿರ್ಧಾರ ಮಾಡಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಅಂತಲೂ ಇದೆ. ಹುಡುಗ ಹೇಗೆ ಅಂತ ವಿಚಾರಿಸದೆ, ಜಾಗದ ಪತ್ರ ವಕೀಲರಿಗೆ ತೋರಿಸದೆ ಇಸ್ತಿಖಾರಾ ಮಾಡಿ ಕೂತರೆ ಅದು ಸೋಮಾರಿತನ. ತಿಳಿದವರು ತಮಗೆ ಕಂಡಷ್ಟು ಹೇಳುತ್ತಾರೆ. ಹತ್ತು ವರ್ಷದ ನಂತರ ಏನಾಗುತ್ತದೆ ಅಂತ ಅವರಿಗೂ ಕಾಣದು. ಕಾಣದ ಆ ಭಾಗವನ್ನು, ಕಾಣುವವನಿಗೆ ಒಪ್ಪಿಸಬೇಕು.

ಇನ್ನು ಕನಸಿನ ವಿಷಯ. ಹಸಿರು, ಬಿಳಿ ಕಂಡರೆ ಒಳ್ಳೆಯದು, ಕೆಂಪು, ಕಪ್ಪು ಕಂಡರೆ ಕೆಟ್ಟದ್ದು ಅನ್ನುವ ನಂಬಿಕೆ ಬಹಳ ಕಡೆ ಇದೆ. ಜಾಬಿರ್ ಅವರ ಹದೀಸಿನಲ್ಲಿ ಕನಸಿನ ಮಾತೇ ಇಲ್ಲ. ಬೇರೆಯವರಿಗೆ ದುಡ್ಡು ಕೊಟ್ಟು 'ಇಸ್ತಿಖಾರಾ ತೆಗೆಸುವುದು' ಅಂತೂ ದುಃಖದ ಸಂಗತಿ. ಆ ದುಆದ ಉದ್ದಕ್ಕೂ ಇರುವುದು 'ನಾನು', 'ನನಗೆ'. ನಿಮ್ಮ ಬದುಕಿನ ಬಗ್ಗೆ ನೀವೇ ಕೈಚಾಚುವಾಗ ಬರುವ ಆರ್ತತೆ ಇನ್ನೊಬ್ಬರ ಬಾಯಲ್ಲಿ ಎಲ್ಲಿಂದ ಬರಬೇಕು? (ಇರಾನಿನ ಶಿಯಾ ಮುಸ್ಲಿಮರಲ್ಲಿ ಕುರ್‌ಆನ್ ತೆರೆದು ಅಥವಾ ತಸ್ಬೀಹ್ ಮಣಿ ಎಣಿಸಿ ಮಾಡುವ ಇಸ್ತಿಖಾರಾವೂ ರೂಢಿಯಲ್ಲಿದೆ. ಅದು ಬೇರೆಯೇ ಕ್ರಮ.)

ಕನಸಲ್ಲದಿದ್ದರೆ ಗೊತ್ತಾಗುವುದು ಹೇಗೆ? ದುಆದಲ್ಲೇ ಇದೆ: ಒಳ್ಳೆಯದಾದರೆ ಸುಲಭ ಮಾಡು, ಕೆಟ್ಟದ್ದಾದರೆ ದೂರ ಮಾಡು. ಹಾಗಾಗಿ ವಿಚಾರಿಸಿ, ದುಆ ಮಾಡಿ, ಸರಿ ಕಂಡ ಕಡೆಗೆ ಹೆಜ್ಜೆ ಇಡುವುದು. ದಾರಿ ತೆರೆದರೆ ಮುಂದೆ ಹೋಗುವುದು, ಮುಚ್ಚಿದರೆ ಅದನ್ನೂ ಉತ್ತರ ಅಂತ ತಗೊಳ್ಳುವುದು. ಮನಸ್ಸು ಇನ್ನೂ ಡೋಲಾಯಮಾನ ಆಗಿದ್ದರೆ ಪುನಃ ಮಾಡಬಹುದು.

ಒಂದೆರಡು ಮಾತು ಬಾಕಿ ಇವೆ. ಕಡ್ಡಾಯವಾದ ಕೆಲಸಕ್ಕೂ ನಿಷಿದ್ಧ ಕೆಲಸಕ್ಕೂ ಇಸ್ತಿಖಾರಾ ಇಲ್ಲ. ಬಡ್ಡಿ ವ್ಯವಹಾರ ಮಾಡಲೋ ಬೇಡವೋ ಅಂತ ಕೇಳುವ ಹಾಗಿಲ್ಲ. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಝ್ ಇರುವುದಿಲ್ಲ, ಆಗ ದುಆ ಮಾತ್ರ ಮಾಡಬಹುದು. ಅರಬಿ ಬಾಯಿಪಾಠ ಇಲ್ಲದಿದ್ದರೆ ಚೀಟಿ ನೋಡಿ ಓದಿ, ಆದರೆ ಮೊದಲು ಅದರ ಅರ್ಥವನ್ನು ಕನ್ನಡದಲ್ಲಿ ಒಮ್ಮೆ ನಿಧಾನವಾಗಿ ಓದಿಕೊಳ್ಳಿ. ದುಆದಲ್ಲಿ 'ಈ ಕೆಲಸ' ಅಂತ ಬರುವ ಕಡೆ ನಿಮ್ಮ ವಿಷಯ ಯಾವುದೋ ಅದನ್ನು ಹೇಳಬೇಕು.